ಹದಿನಾರು ಹೆಸರುಗಳ ಪಟ್ಟಿ: ಪೀಣ್ಯದ ಒಂದು ಸಣ್ಣ ಕಾರ್ಖಾನೆಯ ಆರೋಗ್ಯ ವಿಮೆಯ ಪ್ರಕರಣ

ಸಣ್ಣ ಘಟಕಗಳ ಸಂಬಳ, ಜಿಎಸ್‌ಟಿ ಮತ್ತು ಕಾರ್ಮಿಕ ಕಾನೂನಿನ ಲೆಕ್ಕಪತ್ರಗಳನ್ನು ನೋಡಿಕೊಳ್ಳುವುದು ನನ್ನ ವೃತ್ತಿ. ಇಲ್ಲಿ ವಿವರಿಸುವ ಕಾರ್ಖಾನೆ ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿದೆ. ಅದರ ಹೆಸರನ್ನೂ ಅಲ್ಲಿನ ಜನರ ಗುರುತನ್ನೂ ಮರೆಮಾಡಿದ್ದೇನೆ, ಗುರುತು ಹತ್ತಿಸಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ, ಮೊತ್ತಗಳನ್ನು ಸುಮಾರಾಗಿ ಕೊಟ್ಟಿದ್ದೇನೆ. ತೀರ್ಮಾನಗಳು ಯಾವ ಕ್ರಮದಲ್ಲಿ ಆದವು ಮತ್ತು ಎಲ್ಲಿ ತಪ್ಪಿದವು ಎಂಬುದನ್ನು ಮಾತ್ರ ಇದ್ದಂತೆಯೇ ಉಳಿಸಿದ್ದೇನೆ, ಏಕೆಂದರೆ ಇದೇ ದಾರಿಯಲ್ಲಿ ನಡೆಯುತ್ತಿರುವ ಇತರ ಮಾಲೀಕರಿಗೆ ಬೇಕಾಗಿರುವುದು ಅದೇ.

ಹಿನ್ನೆಲೆ

ಭಾವ ಮತ್ತು ಭಾವಮೈದುನ ಸೇರಿ ಪಾಲುದಾರಿಕೆಯಲ್ಲಿ ನಡೆಸುತ್ತಿರುವ ಈ ಘಟಕದಲ್ಲಿ ನಾಲ್ಕು ಲೇತ್, ಮೂರು ಸಿಎನ್‌ಸಿ ಯಂತ್ರ, ಒಂದು ಮಿಲ್ಲಿಂಗ್ ಮತ್ತು ಎರಡು ಗ್ರೈಂಡಿಂಗ್ ಯಂತ್ರಗಳಿವೆ. ದೊಡ್ಡ ಕಂಪನಿಗಳಿಗೆ ಬಿಡಿಭಾಗ ಪೂರೈಸುವ ಮಧ್ಯಮ ಗಾತ್ರದ ಕಾರ್ಖಾನೆಗಳಿಂದ ಇವರಿಗೆ ಜಾಬ್ ವರ್ಕ್ ಬರುತ್ತದೆ. ಕೆಲಸಗಾರರು ಒಟ್ಟು ಹದಿನಾರು ಮಂದಿ. ಹೆಚ್ಚಿನವರು ತುಮಕೂರು, ಹಾಸನ ಮತ್ತು ಕಲಬುರಗಿ ಕಡೆಯವರು. ಕೆಲವರ ಕುಟುಂಬ ಲಗ್ಗೆರೆ, ದಾಸರಹಳ್ಳಿಗಳ ಬಾಡಿಗೆ ಮನೆಗಳಲ್ಲಿದ್ದರೆ ಉಳಿದವರದು ಊರಿನಲ್ಲೇ ಇದೆ.

ಈ ಪ್ರಕರಣವನ್ನು ಅರ್ಥಮಾಡಿಕೊಳ್ಳಲು ಕಾರ್ಖಾನೆಯ ಹಣ ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂಬುದನ್ನು ಮೊದಲು ತಿಳಿಯಬೇಕು. ಸಣ್ಣ ಉದ್ದಿಮೆಗಳಿಗೆ 45 ದಿನದೊಳಗೆ ಹಣ ಪಾವತಿಸಬೇಕೆಂದು 2006ರ ಎಂಎಸ್‌ಎಂಇಡಿ ಕಾಯ್ದೆ ಹೇಳುತ್ತದೆ. ಇವರಿಗೆ ಹಣ ಬರುವುದು ಅರವತ್ತರಿಂದ ತೊಂಬತ್ತು ದಿನಕ್ಕೆ. ಕಾಯ್ದೆಯನ್ನು ಮುಂದಿಟ್ಟು ಕೇಳಿದರೆ ಮುಂದಿನ ಆರ್ಡರ್ ಪಕ್ಕದ ಶೆಡ್ಡಿಗೆ ಹೋಗುತ್ತದೆ ಎಂಬ ಭಯದಿಂದ ಯಾರೂ ಕೇಳುವುದಿಲ್ಲ. ಆದ್ದರಿಂದ ಸಂಬಳದ ವಾರದಲ್ಲಿ ಬ್ಯಾಂಕಿನ ಓ.ಡಿ. (ಓವರ್‌ಡ್ರಾಫ್ಟ್, ಅಂದರೆ ಒಂದು ಮಿತಿಯವರೆಗೆ ಸಾಲ ತೆಗೆಯಬಹುದಾದ) ಖಾತೆಯೇ ಆಧಾರ. ವರ್ಷಕ್ಕೆ ಒಂದೂವರೆ ಲಕ್ಷದ ಖರ್ಚನ್ನು ಇಂತಹ ಕಾರ್ಖಾನೆ ಹೇಗೋ ತಡೆದುಕೊಳ್ಳುತ್ತದೆ, ಆದರೆ ಅದೇ ಒಂದೂವರೆ ಲಕ್ಷವನ್ನು ಒಂದೇ ದಿನ ಕಟ್ಟಬೇಕಾದಾಗ ತತ್ತರಿಸುತ್ತದೆ. ಮುಂದೆ ನಡೆದ ಅನೇಕ ತಪ್ಪುಗಳ ಬೇರು ಈ ವ್ಯತ್ಯಾಸವನ್ನು ಗಮನಿಸದೆ ಹೋದದ್ದರಲ್ಲಿದೆ.

ಇನ್ನೊಂದು ಸಂಗತಿಯನ್ನೂ ಮುಚ್ಚಿಡದೆ ಹೇಳಬೇಕು. ಹಾಜರಿ ಪುಸ್ತಕದಲ್ಲಿದ್ದದ್ದು ಒಂಬತ್ತು ಹೆಸರು ಮಾತ್ರ. ಉಳಿದ ಏಳು ಮಂದಿಗೆ ವೋಚರ್ ಮೇಲೆ ಸಂಬಳ ಕೊಡಲಾಗುತ್ತಿತ್ತು. ಹತ್ತು ಮಂದಿ ಕೆಲಸಕ್ಕಿದ್ದರೆ ಇಎಸ್‌ಐ, ಅಂದರೆ ಮಾಲೀಕರೂ ನೌಕರರೂ ಸಂಬಳದ ಒಂದು ಪಾಲು ಕಟ್ಟಿ ಕುಟುಂಬಕ್ಕೆ ಚಿಕಿತ್ಸೆ ಪಡೆಯುವ ಕಾರ್ಮಿಕರ ರಾಜ್ಯ ವಿಮಾ ಯೋಜನೆ ಅನ್ವಯವಾಗುತ್ತದೆ, ಒಮ್ಮೆ ಅನ್ವಯವಾದರೆ ಸಂಖ್ಯೆ ಹತ್ತಕ್ಕಿಂತ ಕೆಳಗಿಳಿದರೂ ಬಿಡುಗಡೆಯಿಲ್ಲ, ಆದ್ದರಿಂದ ಆ ಗಡಿ ದಾಟಬೇಡಿ ಎಂದು ಹಿಂದೆ ಯಾರೋ ಕೊಟ್ಟಿದ್ದ ಸಲಹೆಯನ್ನು ಅವರು ವರ್ಷಗಟ್ಟಲೆ ಪಾಲಿಸಿಕೊಂಡು ಬಂದಿದ್ದರು.

ಸಮಸ್ಯೆ ಎದುರಾದದ್ದು

2024ರ ಜನವರಿಯ ಒಂದು ರಾತ್ರಿ ಪಾಳಿಯಲ್ಲಿ ನಲವತ್ತಮೂರು ವರ್ಷದ ಲೇತ್ ಆಪರೇಟರ್ ಒಬ್ಬರಿಗೆ ಎದೆನೋವು ಕಾಣಿಸಿಕೊಂಡಿತು. ಜೊತೆಗಿದ್ದವರು ಅವರನ್ನು ಹತ್ತಿರದ ಖಾಸಗಿ ಆಸ್ಪತ್ರೆಗೆ ಸೇರಿಸಿದರು. ಆಂಜಿಯೋಪ್ಲಾಸ್ಟಿ ಆಯಿತು, ಜೀವ ಉಳಿಯಿತು, ಬಿಲ್ 2,90,000 ರೂಪಾಯಿ ಆಯಿತು. ಊರಿನ ಬಿಪಿಎಲ್ ಪಡಿತರ ಚೀಟಿಯಲ್ಲಿ ಅವರ ಹೆಸರಿತ್ತು. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ದೊರೆಯುತ್ತದೆ, ತುರ್ತು ಸಂದರ್ಭದಲ್ಲಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರವಿಲ್ಲದೆ ನೋಂದಾಯಿತ ಖಾಸಗಿ ಆಸ್ಪತ್ರೆಗೆ ನೇರವಾಗಿಯೂ ಹೋಗಬಹುದು. ಆದರೆ ಅವರನ್ನು ಸೇರಿಸಿದ ಆಸ್ಪತ್ರೆ ಯೋಜನೆಯ ಪಟ್ಟಿಯಲ್ಲಿರಲಿಲ್ಲ, ಪಟ್ಟಿಯಲ್ಲಿ ಯಾವುದಿದೆ ಎಂದು ಆ ಹೊತ್ತಿನಲ್ಲಿ ಯೋಚಿಸಿದವರೂ ಇರಲಿಲ್ಲ. ರಾತ್ರಿ ಎರಡು ಗಂಟೆಗೆ ಎದೆ ಹಿಡಿದುಕೊಂಡು ಕುಳಿತವರ ಪಕ್ಕದಲ್ಲಿ ನಿಂತವರು ಮೊದಲು ಕಂಡ ಆಸ್ಪತ್ರೆಗೇ ಹೋಗುತ್ತಾರೆ. ಅದು ಅವರ ತಪ್ಪೆಂದು ನನಗೆ ಎಂದೂ ಅನ್ನಿಸಿಲ್ಲ.

ಮಾಲೀಕರು 1,20,000 ರೂಪಾಯಿ ಮುಂಗಡ ಕೊಟ್ಟರು. ಉಳಿದದ್ದಕ್ಕೆ ಆ ಕುಟುಂಬ ಒಡವೆ ಅಡವಿಟ್ಟಿತು, ನೆಂಟರಿಂದ ಕೈಸಾಲ ತಂದಿತು. ಮುಂಗಡವನ್ನು ತಿಂಗಳಿಗೆ 5,000ದಂತೆ ಸಂಬಳದಲ್ಲಿ ಮುರಿದುಕೊಳ್ಳುವುದೆಂದು ಮಾತಾಯಿತು. ಅವರ ಸಂಬಳ 19,800 ರೂಪಾಯಿ. ಮುರಿದ ಮೇಲೆ ಕೈಗೆ ಬರುತ್ತಿದ್ದ 14,800ರಲ್ಲಿ ಬಾಡಿಗೆ, ಮಾತ್ರೆ, ಅಡವಿನ ಬಡ್ಡಿ ಎಲ್ಲವೂ ನಡೆಯಬೇಕಿತ್ತು. ಏಳು ತಿಂಗಳು ಹಾಗೆ ತಳ್ಳಿ, ಆಗಸ್ಟ್ ಕೊನೆಯಲ್ಲಿ ಅವರು ಇಎಸ್‌ಐ ಕಾರ್ಡ್ ಕೊಡುವ ದೊಡ್ಡ ಕಾರ್ಖಾನೆಯೊಂದಕ್ಕೆ ಹೊರಟುಹೋದರು. ಮುಂಗಡದಲ್ಲಿ 85,000 ರೂಪಾಯಿ ಬಾಕಿ ಉಳಿಯಿತು, ಹದಿಮೂರು ವರ್ಷದ ಅನುಭವವಿದ್ದ ಕೈ ಹೋಯಿತು. ಹೊಸಬರನ್ನು ಆ ಯಂತ್ರಕ್ಕೆ ಪಳಗಿಸುವಷ್ಟರಲ್ಲಿ ರಿಜೆಕ್ಟ್ ಆದ ಮಾಲಿನ ಲೆಕ್ಕವನ್ನು ಯಾರೂ ಬರೆದಿಡಲಿಲ್ಲ.

ಗುಂಪು ಪಾಲಿಸಿಯ ಮೊದಲ ವರ್ಷ

ಆ ಜನವರಿಯ ಘಟನೆ ಮಾಲೀಕರ ಮನಸ್ಸಿಗೆ ಬಲವಾಗಿ ತಾಗಿತ್ತು. ಇನ್ನು ಯಾರಿಗೂ ಹೀಗಾಗಬಾರದೆಂದು ಅವರು ಏಪ್ರಿಲ್‌ನಲ್ಲೇ ಏಜೆಂಟರೊಬ್ಬರನ್ನು ಕರೆಸಿ, ಹದಿನಾರೂ ಕೆಲಸಗಾರರಿಗೆ ಹೆಂಡತಿ ಮತ್ತು ಇಬ್ಬರು ಮಕ್ಕಳನ್ನು ಸೇರಿಸಿ ಕುಟುಂಬಕ್ಕೆ 3 ಲಕ್ಷದ ಗುಂಪು ಆರೋಗ್ಯ ವಿಮೆ ಮಾಡಿಸಿದರು. ಪ್ರೀಮಿಯಂ 1,62,000, ಅದರ ಮೇಲೆ ಶೇ. 18ರ ಜಿಎಸ್‌ಟಿ ಸೇರಿ 1,91,160 ರೂಪಾಯಿ. ತಂದೆ ತಾಯಿಯರನ್ನೂ ಸೇರಿಸಬಹುದೇ ಎಂದು ಕೆಲಸಗಾರರು ಕೇಳಿದರು. ವಯಸ್ಸಾದವರು ಸೇರಿದರೆ ಮೊತ್ತ 4 ಲಕ್ಷ ದಾಟುತ್ತದೆಂದು ತಿಳಿದಾಗ ಆ ಮಾತು ಅಲ್ಲಿಗೇ ನಿಂತಿತು. ಇಡೀ ಹಣವನ್ನು ಓ.ಡಿ. ಖಾತೆಯಿಂದ ಒಂದೇ ಬಾರಿಗೆ ಕಟ್ಟಲಾಯಿತು.

ಪಾಲಿಸಿ ಕೆಟ್ಟದ್ದಾಗಿರಲಿಲ್ಲ. ಗುಂಪು ಪಾಲಿಸಿಯಾದ್ದರಿಂದ ಮೊದಲೇ ಇದ್ದ ಕಾಯಿಲೆಗಳಿಗೆ ಕಾಯುವ ಅವಧಿ ಇರಲಿಲ್ಲ, ಹೆರಿಗೆ ಮೊದಲ ದಿನದಿಂದಲೇ ಸೇರಿತ್ತು. ವರ್ಷದಲ್ಲಿ ನಾಲ್ಕು ಕ್ಲೇಮ್‌ಗಳಾದವು: ಎರಡು ಸಿಸೇರಿಯನ್ ಹೆರಿಗೆ, ಒಂದು ಅಪೆಂಡಿಕ್ಸ್, ಒಂದು ಬೈಕ್ ಅಪಘಾತದ ಮೂಳೆ ಮುರಿತ. ಕಂಪನಿ ಒಟ್ಟು 3,10,000 ರೂಪಾಯಿ ಕೊಟ್ಟಿತು. ನಾಲ್ಕು ಮನೆಗಳಿಗೆ ಸಾಲ ತಪ್ಪಿತು ಎಂಬುದನ್ನು ಮರೆಯಬಾರದು.

ಆದರೆ ಆ ನಾಲ್ವರಲ್ಲಿ ಒಬ್ಬರಿಗೆ ಸಮಾಧಾನವಾಗಲಿಲ್ಲ. ಪಾಲಿಸಿಯಲ್ಲಿ ಕೊಠಡಿ ಬಾಡಿಗೆಗೆ ವಿಮಾ ಮೊತ್ತದ ಶೇ. 1ರ, ಅಂದರೆ ದಿನಕ್ಕೆ 3,000ದ ಮಿತಿ ಇತ್ತು. ಮೂಳೆ ಮುರಿದವರನ್ನು 4,500 ರೂಪಾಯಿ ಬಾಡಿಗೆಯ ಕೊಠಡಿಗೆ ಹಾಕಿದ್ದರು. ಇಂತಹ ಸಂದರ್ಭದಲ್ಲಿ ಬಾಡಿಗೆಯ ಹೆಚ್ಚುವರಿ 1,500 ಮಾತ್ರ ಕಡಿತವಾಗುತ್ತದೆಂದು ಎಲ್ಲರೂ ಭಾವಿಸುತ್ತಾರೆ. ವಾಸ್ತವದಲ್ಲಿ ವೈದ್ಯರ ಶುಲ್ಕ, ಶಸ್ತ್ರಚಿಕಿತ್ಸಾ ಕೊಠಡಿಯ ಶುಲ್ಕ ಮೊದಲಾದವೂ ಅದೇ ಪ್ರಮಾಣದಲ್ಲಿ ಕಡಿತವಾಗುತ್ತವೆ. 96,000ದ ಬಿಲ್ಲಿನಲ್ಲಿ 27,000 ಅವರ ಕೈಯಿಂದ ಹೋಯಿತು. ಇನ್ಶೂರೆನ್ಸ್ ಇದೆ ಎಂದು ಹೇಳಿದ್ದ ಮಾಲೀಕರ ಮೇಲೆ ಅವರಿಗೆ ಬಂದ ಸಿಟ್ಟು ಇಡೀ ಶೆಡ್ಡಿಗೆ ಹರಡಿತು. ಪಾಲಿಸಿಯ ಷರತ್ತುಗಳನ್ನು ಕೆಲಸಗಾರರಿಗೆ ಕನ್ನಡದಲ್ಲಿ ಓದಿ ಹೇಳುವ ಒಂದು ಗಂಟೆಯ ಕೆಲಸವನ್ನು ಏಜೆಂಟರೂ ಮಾಡಿರಲಿಲ್ಲ, ಮಾಲೀಕರೂ ಮಾಡಿಸಿರಲಿಲ್ಲ. ಆ ಒಂದು ಗಂಟೆ ಉಳಿಸಿದ್ದರ ಬೆಲೆ ತೆತ್ತವರು ಕೆಲಸಗಾರರು.

2025ರ ಏಪ್ರಿಲ್‌ನಲ್ಲಿ ನವೀಕರಣದ ಪತ್ರ ಬಂತು. ಪ್ರೀಮಿಯಂ 2,98,000, ಜಿಎಸ್‌ಟಿ ಸೇರಿ 3,51,640. ಸಾವಿರಾರು ನೌಕರರಿರುವ ಕಂಪನಿಯಲ್ಲಿ ನಾಲ್ಕು ಕ್ಲೇಮ್‌ಗಳು ಸಮುದ್ರದಲ್ಲಿ ಕರಗಿದಂತೆ ಕರಗುತ್ತವೆ. ಹದಿನಾರು ಜನರ ಗುಂಪಿನಲ್ಲಿ ಕೊಟ್ಟ ಪ್ರೀಮಿಯಂನ ಹತ್ತಿರ ಹತ್ತಿರ ಎರಡರಷ್ಟನ್ನು ಕಂಪನಿ ಮರಳಿಸಿದ್ದರಿಂದ ಮುಂದಿನ ವರ್ಷದ ಬೆಲೆಯನ್ನು ಆ ಅನುಪಾತ ನೋಡಿಯೇ ನಿರ್ಧರಿಸಿತ್ತು. ಸಣ್ಣ ಗುಂಪಿನವರು ವಿಮೆಯನ್ನು ಬಳಸಿದ ತಪ್ಪಿಗೇ ವಿಮೆ ಕೈತಪ್ಪುವ ಈ ಸ್ಥಿತಿ ನನ್ನ ಮನಸ್ಸನ್ನು ಇಂದಿಗೂ ಕಲಕುತ್ತದೆ.

ಕೈಬಿಟ್ಟ ತಿಂಗಳುಗಳು

ಮಾಲೀಕರು ಎರಡು ಪರ್ಯಾಯಗಳನ್ನು ಕೆಲಸಗಾರರ ಮುಂದಿಟ್ಟರು. ಕುಟುಂಬವನ್ನು ಬಿಟ್ಟು ಕೆಲಸಗಾರರಿಗೆ ಮಾತ್ರ ವಿಮೆ ಮಾಡಿಸುವುದು ಮೊದಲನೆಯದು. ಕುಟುಂಬವನ್ನು ಉಳಿಸಿಕೊಂಡು ಪ್ರತಿಯೊಬ್ಬರ ಸಂಬಳದಲ್ಲಿ ತಿಂಗಳಿಗೆ 800 ರೂಪಾಯಿ ಹಿಡಿಯುವುದು ಎರಡನೆಯದು. ನಮ್ಮ ಆರೋಗ್ಯಕ್ಕಿಂತ ಮನೆಯವರದೇ ಚಿಂತೆ ಎಂದು ಮದುವೆಯಾದವರು ಮೊದಲನೆಯದನ್ನು ಒಪ್ಪಲಿಲ್ಲ. ಇನ್ನೊಬ್ಬರ ಹೆಂಡತಿ ಮಕ್ಕಳಿಗಾಗಿ ನಮ್ಮ ಸಂಬಳ ಏಕೆ ಮುರಿಯಬೇಕು ಎಂದು ಮದುವೆಯಾಗದ ಮೂವರು ಎರಡನೆಯದನ್ನು ಒಪ್ಪಲಿಲ್ಲ. ಎರಡೂ ಮಾತುಗಳಲ್ಲಿ ನ್ಯಾಯವಿತ್ತು. ಚರ್ಚೆ ಮುಗಿಯುವ ಮೊದಲೇ ಏಪ್ರಿಲ್ 30 ಕಳೆಯಿತು, ಪಾಲಿಸಿ ಮುಗಿಯಿತು. ಜುಲೈನಲ್ಲಿ ಒಬ್ಬರ ಮಗಳಿಗೆ ಡೆಂಗಿ ಬಂದು 38,000 ರೂಪಾಯಿ ಖರ್ಚಾದಾಗ ಮಾಲೀಕರು ಮತ್ತೆ ಮುಂಗಡ ಕೊಟ್ಟರು, ಮತ್ತೆ ಸಂಬಳದಲ್ಲಿ ಮುರಿಯುವ ಮಾತಾಯಿತು. ಒಂದೂವರೆ ವರ್ಷ ತಿರುಗಿ ಕಾರ್ಖಾನೆ ಹೊರಟ ಜಾಗಕ್ಕೇ ಬಂದು ನಿಂತಿತ್ತು.

ಸಂಬಳದ ಪುಸ್ತಕದಲ್ಲಿ ಎಳೆದ ಗೆರೆ

2025ರ ಆಗಸ್ಟ್‌ನಲ್ಲಿ ಈ ಘಟಕದ ಲೆಕ್ಕಪತ್ರ ನನ್ನ ಬಳಿಗೆ ಬಂತು. ಮಾಲೀಕರು ನನ್ನನ್ನು ಕೇಳಿದ್ದು ಇನ್ನೂ ಕಡಿಮೆ ಬೆಲೆಯ ಗುಂಪು ಪಾಲಿಸಿ ಎಲ್ಲಾದರೂ ಸಿಗುತ್ತದೆಯೇ ಎಂದು. ನಾನು ಹಾಜರಿ ಪುಸ್ತಕ, ವೋಚರ್‌ಗಳ ಕಟ್ಟು ಮತ್ತು ಹಳೆಯ ಪಾಲಿಸಿಯ ಪ್ರತಿ ಮೂರನ್ನೂ ಮೇಜಿನ ಮೇಲೆ ಇಟ್ಟುಕೊಂಡು ಕುಳಿತೆ. ಪುಸ್ತಕದಲ್ಲಿ ಒಂಬತ್ತು ಹೆಸರು, ಪಾಲಿಸಿಗೆ ಲಗತ್ತಿಸಿದ್ದ ಪಟ್ಟಿಯಲ್ಲಿ ಹದಿನಾರು ಹೆಸರು. ಆ ಪಟ್ಟಿಯ ಕೆಳಗೆ, ಇವರೆಲ್ಲರೂ ನಮ್ಮ ನೌಕರರು ಎಂದು ಕಾರ್ಖಾನೆಯ ಮೊಹರು ಹಾಕಿ ಪಾಲುದಾರರು ಸಹಿ ಮಾಡಿದ್ದರು. ಹತ್ತರ ಗಡಿಯೊಳಗೆ ಇರಬೇಕೆಂದು ಇಷ್ಟು ವರ್ಷ ಪಟ್ಟ ಪಾಡನ್ನು ಅವರ ಒಳ್ಳೆಯ ಮನಸ್ಸೇ ತೆಗೆದುಕೊಂಡಿದ್ದ ಒಂದು ಪಾಲಿಸಿ ಬರಹದಲ್ಲಿ ಅಳಿಸಿಹಾಕಿತ್ತು. ಇದನ್ನು ತೋರಿಸಿದಾಗ ಹಿರಿಯ ಪಾಲುದಾರರು ಬಹಳ ಹೊತ್ತು ಮಾತಾಡಲಿಲ್ಲ.

ಆಮೇಲೆ ಹದಿನಾರು ಹೆಸರುಗಳನ್ನು ಸಂಬಳದ ಪ್ರಕಾರ ಬರೆದು 21,000 ರೂಪಾಯಿಯ ಬಳಿ ಒಂದು ಗೆರೆ ಎಳೆದೆ. ಹತ್ತು ಮಂದಿಯ ಎಣಿಕೆಗೆ ಎಲ್ಲ ಸಂಬಳದವರೂ ಸೇರುತ್ತಾರೆ, ಆದರೆ ಇಎಸ್‌ಐ ಸೌಲಭ್ಯ ಸಿಗುವುದು ತಿಂಗಳಿಗೆ 21,000ದವರೆಗೆ ಸಂಬಳವಿರುವವರಿಗೆ. 2017ರ ಜನವರಿಯಿಂದ ಈ ಮಿತಿ ನಡೆದುಕೊಂಡು ಬಂದಿದೆ. ಗೆರೆಯ ಕೆಳಗೆ ಹನ್ನೆರಡು ಮಂದಿ ಇದ್ದರು, ಮೇಲೆ ನಾಲ್ವರು. ಕೆಲಸ ಬಿಟ್ಟುಹೋದ ಆ ಲೇತ್ ಆಪರೇಟರ್ ಕೂಡ ಗೆರೆಯ ಕೆಳಗಿನವರೇ ಆಗಿದ್ದರು. ಕಾನೂನಿನ ಪ್ರಕಾರ ನಡೆದಿದ್ದರೆ ಅವರ ಹೃದಯದ ಚಿಕಿತ್ಸೆಗೆ ಹೊಣೆ ಹೊರುವ ವ್ಯವಸ್ಥೆ ಆಗಲೇ ಇತ್ತು.

ಮಾಲೀಕರಿಗೆ ಎರಡು ಭಯಗಳಿದ್ದವು. ಮೊದಲನೆಯದು ಖರ್ಚು. ಅವರ ತಲೆಯಲ್ಲಿದ್ದದ್ದು ಮಾಲೀಕರ ಪಾಲು ಶೇ. 4.75, ನೌಕರರ ಪಾಲು ಶೇ. 1.75 ಎಂಬ ಹಳೆಯ ದರ. 2019ರ ಜುಲೈ 1ರಿಂದ ಅದು ಶೇ. 3.25 ಮತ್ತು ಶೇ. 0.75ಕ್ಕೆ ಇಳಿದಿದೆ ಎಂಬುದನ್ನು ಆರು ವರ್ಷಗಳಿಂದ ಅವರಿಗೆ ಯಾರೂ ಹೇಳಿರಲಿಲ್ಲ. ಹನ್ನೆರಡು ಮಂದಿಯ ಒಟ್ಟು ತಿಂಗಳ ಸಂಬಳ 1,98,000. ಅದರ ಮೇಲೆ ಮಾಲೀಕರ ಪಾಲು 6,435, ನೌಕರರೆಲ್ಲರ ಪಾಲು ಸೇರಿ 1,485. ಮಾಲೀಕರಿಗೆ ವರ್ಷಕ್ಕೆ ಬೀಳುವುದು 77,220 ರೂಪಾಯಿ, ಅದೂ ಪ್ರತಿ ತಿಂಗಳ ಸಂಬಳದ ಮುಂದಿನ 15ನೇ ತಾರೀಖಿನೊಳಗೆ ಸ್ವಲ್ಪ ಸ್ವಲ್ಪವಾಗಿ. ಓ.ಡಿ. ಖಾತೆ ಮುಟ್ಟಬೇಕಾಗಿಲ್ಲ, ಹೆಚ್ಚು ಜನ ಕಾಯಿಲೆ ಬಿದ್ದರೆಂದು ಮುಂದಿನ ವರ್ಷ ದರ ಏರುವುದೂ ಇಲ್ಲ. ಗುಂಪು ಪಾಲಿಸಿಯಲ್ಲಿ ಕನಸಾಗಿಯೇ ಉಳಿದಿದ್ದ ಅವಲಂಬಿತ ತಂದೆ ತಾಯಿ ಇಲ್ಲಿ ಬೇರೆ ಹಣವಿಲ್ಲದೆ ಸೇರುತ್ತಾರೆ. ಮದುವೆಯಾಗದ ಮೂವರ ಆಕ್ಷೇಪವೂ ಇದರಿಂದಲೇ ಬಗೆಹರಿಯಿತು. ಅವರಿಗೆ ಹೆಂಡತಿ ಮಕ್ಕಳಿರಲಿಲ್ಲ, ಊರಿನಲ್ಲಿ ವಯಸ್ಸಾದ ತಾಯಂದಿರಿದ್ದರು.

ಎರಡನೆಯ ಭಯ ಹಳೆಯ ಬಾಕಿ. ಈಗ ನೋಂದಾಯಿಸಿದರೆ ಹಿಂದಿನ ವರ್ಷಗಳ ವಂತಿಗೆಯನ್ನು ಶೇ. 12ರ ಬಡ್ಡಿಯೊಂದಿಗೆ ಕೇಳುತ್ತಾರೆ, ಕಾರ್ಖಾನೆ ಮುಚ್ಚಬೇಕಾಗುತ್ತದೆ ಎಂದು ಅವರು ಹೆದರಿದ್ದರು. ಅದೃಷ್ಟಕ್ಕೆ ಅದೇ ಸಮಯದಲ್ಲಿ ಇಎಸ್‌ಐ ನಿಗಮವು 2025ರ ಜುಲೈ 1ರಿಂದ ಡಿಸೆಂಬರ್ 31ರವರೆಗೆ ಸ್ಪ್ರೀ ಎಂಬ ನೋಂದಣಿ ಯೋಜನೆಯನ್ನು ತೆರೆದಿತ್ತು. ಆ ಅವಧಿಯಲ್ಲಿ ತಾವಾಗಿ ಬಂದು ನೋಂದಾಯಿಸಿಕೊಂಡವರಿಗೆ ಅವರು ಘೋಷಿಸಿದ ದಿನಾಂಕದಿಂದ ಯೋಜನೆ ಅನ್ವಯವಾಗುತ್ತಿತ್ತು. ಹಿಂದಿನ ಅವಧಿಗೆ ವಂತಿಗೆ ಕೇಳುವುದಾಗಲಿ, ದಾಖಲೆ ತಪಾಸಣೆಯಾಗಲಿ ಇರಲಿಲ್ಲ. ಮಾಲೀಕರು ಎರಡು ದಿನ ಯೋಚಿಸಿ ಒಪ್ಪಿದರು. 2025ರ ಸೆಪ್ಟೆಂಬರ್ 1ರಿಂದ ಹದಿನಾರು ಹೆಸರುಗಳೂ ಹಾಜರಿ ಪುಸ್ತಕಕ್ಕೆ ಬಂದವು, ವೋಚರ್ ನಿಂತಿತು, ಹನ್ನೆರಡು ಮಂದಿಗೆ ಇಎಸ್‌ಐ ಸಂಖ್ಯೆ ಬಂತು. ಇಂತಹ ವಿನಾಯಿತಿ ಮಾಲೀಕರಿಗೆ ನೆಮ್ಮದಿ ತಂದರೂ ಕಳೆದ ವರ್ಷಗಳಲ್ಲಿ ಕಾರ್ಡ್ ಇಲ್ಲದೆ ನರಳಿದವರಿಗೆ ಏನನ್ನೂ ಹಿಂದಿರುಗಿಸುವುದಿಲ್ಲ ಎಂಬ ಮಾತನ್ನು ನಾನು ಮಾಲೀಕರಿಗೂ ಹೇಳಿದೆ, ಇಲ್ಲಿಯೂ ಹೇಳುತ್ತಿದ್ದೇನೆ.

ಗೆರೆಯ ಮೇಲಿದ್ದ ನಾಲ್ವರು

ಫೋರ್‌ಮನ್, ಇಬ್ಬರು ಸಿಎನ್‌ಸಿ ಪ್ರೋಗ್ರಾಮರ್‌ಗಳು ಮತ್ತು ಗುಣಮಟ್ಟ ಪರೀಕ್ಷಕರು ಗೆರೆಯ ಮೇಲಿದ್ದರು. ನಾವು ವಿಚಾರಿಸಿದ ಎರಡು ವಿಮಾ ಕಂಪನಿಗಳೂ ಗುಂಪು ಪಾಲಿಸಿಗೆ ಕನಿಷ್ಠ ಏಳು ಜನ ಬೇಕೆಂದವು. ಆದ್ದರಿಂದ ಅವರವರ ಹೆಸರಿನಲ್ಲೇ 5 ಲಕ್ಷದ ಕುಟುಂಬ ಪಾಲಿಸಿ ಮಾಡಿಸಿಕೊಂಡು, ರಸೀದಿ ಕೊಟ್ಟಾಗ ಪ್ರೀಮಿಯಂನ ಅರ್ಧವನ್ನು ಕಾರ್ಖಾನೆ ಭರಿಸುವುದೆಂದು ತೀರ್ಮಾನವಾಯಿತು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ಪಾಲಿಸಿಗಳ ಮೇಲಿನ ಜಿಎಸ್‌ಟಿ ರದ್ದಾಗಿದ್ದು ಇವರಿಗೆ ಅನುಕೂಲವಾಯಿತು. ಗುಂಪು ಪಾಲಿಸಿಗೆ ಆ ವಿನಾಯಿತಿ ಸಿಕ್ಕಿಲ್ಲ. ನಾಲ್ವರ ಪ್ರೀಮಿಯಂ ಒಟ್ಟು 92,000, ಕಾರ್ಖಾನೆಯ ಪಾಲು 46,000. ಪಾಲಿಸಿಗಳನ್ನು ಬೇರೆ ಬೇರೆ ತಿಂಗಳುಗಳಲ್ಲಿ ಆರಂಭಿಸಿದ್ದರಿಂದ ನಾಲ್ಕೂ ನವೀಕರಣಗಳು ಒಂದೇ ವಾರಕ್ಕೆ ಬಂದು ಬೀಳುವುದು ತಪ್ಪಿತು. ಅಲ್ಲದೆ ಇವರು ನಾಳೆ ಕೆಲಸ ಬಿಟ್ಟರೂ ಪಾಲಿಸಿ ಅವರ ಜೊತೆಗೇ ಹೋಗುತ್ತದೆ.

ಈ ದಾರಿಯ ಕೊರತೆ ಫೋರ್‌ಮನ್ ಅವರ ವಿಷಯದಲ್ಲಿ ಎದ್ದು ಕಂಡಿತು. ಐವತ್ತೆರಡು ವರ್ಷದ ಅವರಿಗೆ ಎಂಟು ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ವೈಯಕ್ತಿಕ ಪಾಲಿಸಿಯಲ್ಲಿ ಮೊದಲೇ ಇರುವ ಕಾಯಿಲೆಗೆ ಮೂರು ವರ್ಷದವರೆಗೆ ಕಾಯುವ ಅವಧಿ ಇರಬಹುದು, ಅವರ ಪಾಲಿಸಿಯಲ್ಲಿ ಪೂರ್ತಿ ಮೂರು ವರ್ಷವೇ ಇತ್ತು. ಕಾಯಿಲೆಯನ್ನು ಅರ್ಜಿಯಲ್ಲಿ ಬರೆಯಬೇಡಿ ಎಂದು ಅವರಿಗೆ ಯಾರೋ ಸಲಹೆ ಕೊಟ್ಟಿದ್ದರು. ಮುಚ್ಚಿಟ್ಟದ್ದು ಕ್ಲೇಮ್ ಸಮಯದಲ್ಲಿ ಹೊರಬಂದರೆ ಕಟ್ಟಿದ ಹಣವೂ ಹೋಗುತ್ತದೆ, ಚಿಕಿತ್ಸೆಯೂ ತಪ್ಪುತ್ತದೆ ಎಂದು ವಿವರಿಸಿ ಎಲ್ಲವನ್ನೂ ಬರೆಸಿದೆವು. ಆ ಮೂರು ವರ್ಷದ ಅಪಾಯಕ್ಕಾಗಿ ಪಾಲುದಾರರಿಬ್ಬರೂ ಸೇರಿ ತಿಂಗಳಿಗೆ 5,000 ರೂಪಾಯಿಯನ್ನು ಬೇರೆ ಉಳಿತಾಯ ಖಾತೆಯಲ್ಲಿ ಇಡತೊಡಗಿದರು.

ಆಯುಧಪೂಜೆಯ ಸಂಬಳ ಏರಿಕೆ

ಈ ಪ್ರಕರಣದ ಅತ್ಯಂತ ಸೂಕ್ಷ್ಮ ತೀರ್ಮಾನ ಇಲ್ಲಿದೆ. ಈ ಕಾರ್ಖಾನೆಯಲ್ಲಿ ಸಂಬಳ ಏರಿಸುವುದು ಆಯುಧಪೂಜೆಗೆ. ಯಂತ್ರಗಳಿಗೆ ಕುಂಬಳಕಾಯಿ ಒಡೆದ ಮೇಲೆ ಬೋನಸ್ಸಿನ ಲಕೋಟೆಯ ಜೊತೆಗೇ ಹೊಸ ಸಂಬಳವನ್ನು ಹೇಳುವ ರೂಢಿ ಮೊದಲಿನಿಂದ ಬಂದದ್ದು. 20,200 ಮತ್ತು 20,400 ಪಡೆಯುತ್ತಿದ್ದ ಇಬ್ಬರು ಹಿರಿಯ ಆಪರೇಟರ್‌ಗಳಿಗೆ ಆ ವರ್ಷ 1,500 ಏರಿಸಬೇಕೆಂದಿತ್ತು. ಏರಿಸಿದರೆ ಇಬ್ಬರೂ 21,000 ದಾಟುತ್ತಾರೆ. ಒಂದೂವರೆ ಸಾವಿರದ ಏರಿಕೆಯಿಂದ, ಈಗ ತಾನೇ ಸಿಕ್ಕಿದ್ದ ಕುಟುಂಬದ ಚಿಕಿತ್ಸೆಯ ಭದ್ರತೆ ಕೈಬಿಡುತ್ತದೆ. ಅವರಲ್ಲೊಬ್ಬರು ಬಂದು, "ಸರ್, ನನಗೆ ಈ ಸಲ ಏರಿಸಬೇಡಿ. ಅಮ್ಮನಿಗೆ ಡಯಾಲಿಸಿಸ್ ನಡೀತಿದೆ, ಕಾರ್ಡ್ ಉಳಿಸಿಕೊಡಿ ಸಾಕು" ಎಂದರು. ದುಡಿದು ಗಳಿಸಿದ ಏರಿಕೆಯನ್ನು ಒಬ್ಬ ಮನುಷ್ಯ ಹೀಗೆ ಕೈಮುಗಿದು ಬೇಡವೆನ್ನುವುದನ್ನು ನೋಡುವುದು ಕಷ್ಟ.

ಏರಿಕೆಯನ್ನು ವೋಚರ್ ಮೇಲೆ ಕೈಗೆ ಕೊಟ್ಟುಬಿಡೋಣ ಎಂದು ಕಿರಿಯ ಪಾಲುದಾರರು ಹೇಳಿದರು. ಬಿಟ್ಟುಬಂದ ದಾರಿಗೇ ಮರಳುವ ಆ ಸಲಹೆಯನ್ನು ನಾನು ಒಪ್ಪಲಿಲ್ಲ. ಕಾನೂನಿನೊಳಗೇ ಒಂದು ದಾರಿಯಿತ್ತು. ಇಎಸ್‌ಐನಲ್ಲಿ ವರ್ಷಕ್ಕೆ ಎರಡು ವಂತಿಗೆ ಅವಧಿಗಳಿವೆ: ಏಪ್ರಿಲ್ 1ರಿಂದ ಸೆಪ್ಟೆಂಬರ್ 30, ಅಕ್ಟೋಬರ್ 1ರಿಂದ ಮಾರ್ಚ್ 31. ಅವಧಿಯ ಆರಂಭದಲ್ಲಿ ಮಿತಿಯೊಳಗಿದ್ದವರ ಸಂಬಳ ಆಮೇಲೆ ಮಿತಿ ದಾಟಿದರೆ ಆ ಅವಧಿ ಮುಗಿಯುವವರೆಗೆ ಅವರು ಯೋಜನೆಯಲ್ಲೇ ಇರುತ್ತಾರೆ, ಏರಿದ ಪೂರ್ಣ ಸಂಬಳದ ಮೇಲೆ ವಂತಿಗೆ ಕಟ್ಟಬೇಕು. 2025ರಲ್ಲಿ ಆಯುಧಪೂಜೆ ಬಂದದ್ದು ಅಕ್ಟೋಬರ್ 1ಕ್ಕೆ, ಅಂದರೆ ಹೊಸ ಅವಧಿಯ ಮೊದಲ ದಿನಕ್ಕೆ. ಆ ದಿನದಿಂದಲೇ ಏರಿಸಿದ್ದರೆ ಇಬ್ಬರೂ ಕೂಡಲೇ ಹೊರಬೀಳುತ್ತಿದ್ದರು. ಪೂಜೆಯ ದಿನ ಎಂದಿನಂತೆ ಬೋನಸ್ ಕೊಟ್ಟು, ಸಂಬಳದ ಏರಿಕೆಯನ್ನು ನವೆಂಬರ್ 1ರಿಂದ ಜಾರಿಗೆ ತರಲಾಯಿತು. ಒಂದು ತಿಂಗಳ ತಡೆಯಿಂದ ಇಬ್ಬರಿಗೂ ಮಾರ್ಚ್ 31ರವರೆಗೆ ಯೋಜನೆ ಉಳಿಯಿತು. ಅಕ್ಟೋಬರ್–ಮಾರ್ಚ್ ಅವಧಿಯ ವಂತಿಗೆಗೆ ಹೊಂದುವ ಸೌಲಭ್ಯ ಅವಧಿ (ಆ ವಂತಿಗೆಗೆ ಪ್ರತಿಯಾಗಿ ಸೌಲಭ್ಯ ಸಿಗುವ ತಿಂಗಳುಗಳು) ಜುಲೈಯಿಂದ ಡಿಸೆಂಬರ್‌ವರೆಗೆ ಇರುವುದರಿಂದ ಚಿಕಿತ್ಸೆಯ ಹಕ್ಕು ಆಮೇಲೂ ಕೆಲಕಾಲ ಮುಂದುವರಿಯುತ್ತದೆ. ಆ ಅಂತರದಲ್ಲಿ ಇಬ್ಬರಿಗೂ ಕುಟುಂಬ ಪಾಲಿಸಿ ಮಾಡಿಸಿ, ಕಾಯುವ ಅವಧಿಯ ಎಣಿಕೆಯನ್ನು ಆಗಲೇ ಆರಂಭಿಸಲಾಯಿತು.

ಡಯಾಲಿಸಿಸ್ ನಡೆಯುತ್ತಿದ್ದ ತಾಯಿಗೆ ಇದು ಕೊಟ್ಟದ್ದು ಸಮಯವನ್ನು ಮಾತ್ರ. ಅಂತಹ ಸ್ಥಿತಿಯಲ್ಲಿರುವವರನ್ನು ಯಾವ ವೈಯಕ್ತಿಕ ಪಾಲಿಸಿಯೂ ಸುಲಭವಾಗಿ ಸೇರಿಸಿಕೊಳ್ಳುವುದಿಲ್ಲ. ಅವರ ಚಿಕಿತ್ಸೆಯನ್ನು ಊರಿನ ಪಡಿತರ ಚೀಟಿಯ ಆಧಾರದಲ್ಲಿ ಆರೋಗ್ಯ ಕರ್ನಾಟಕ ಯೋಜನೆಗೆ ವರ್ಗಾಯಿಸಲು ಮಗ ಈಗಿನಿಂದಲೇ ಕಾಗದಪತ್ರ ಹೊಂದಿಸುತ್ತಿದ್ದಾರೆ.

ಏನಾಯಿತು

ಮೊದಲ ಎರಡು ತಿಂಗಳು ಗೊಂದಲದಲ್ಲೇ ಕಳೆದವು. ಮೂವರ ಹೆಸರು ಆಧಾರ್‌ನಲ್ಲಿ ಒಂದು ರೀತಿ, ಬ್ಯಾಂಕಿನಲ್ಲಿ ಇನ್ನೊಂದು ರೀತಿ ಇತ್ತು. ಡಿಸ್ಪೆನ್ಸರಿಗೆ ಹೋದರೆ ಸಾಲಿನಲ್ಲಿ ನಿಂತು ಅರ್ಧ ದಿನ ಹೋಗುತ್ತದೆ, ಅರ್ಧ ದಿನದ ಕೂಲಿಯೂ ಹೋಗುತ್ತದೆ ಎಂಬ ದೂರು ಬಂತು. ಅದು ನಿಜವಾದ ದೂರಾಗಿತ್ತು. ಕೂಲಿ ಕಳೆದುಕೊಂಡು ಪಡೆಯುವ ಉಚಿತ ಚಿಕಿತ್ಸೆ ಉಚಿತವಾಗುವುದಿಲ್ಲ. ಡಿಸ್ಪೆನ್ಸರಿಯ ಚೀಟಿ ತೋರಿಸಿದರೆ ತಿಂಗಳಿಗೆ ಒಂದು ಅರ್ಧ ದಿನದ ಸಂಬಳ ಹಿಡಿಯುವುದಿಲ್ಲ ಎಂದು ಮಾಲೀಕರು ಒಪ್ಪಿದ್ದು ಸಣ್ಣದಾಗಿ ಕಂಡರೂ, ಜನ ಕಾರ್ಡನ್ನು ಬಳಸತೊಡಗಿದ್ದು ಅದಾದ ಮೇಲೆಯೇ. ಕುಟುಂಬ ಊರಿನಲ್ಲಿರುವವರು ತಮಗೆ ಪೀಣ್ಯದ ಕಡೆಯ ಡಿಸ್ಪೆನ್ಸರಿಯನ್ನೂ ಮನೆಯವರಿಗೆ ತುಮಕೂರಿನದನ್ನೂ ಆರಿಸಿಕೊಂಡರು.

ನವೆಂಬರ್ ಮೊದಲ ವಾರದಲ್ಲಿ ಗ್ರೈಂಡಿಂಗ್ ಯಂತ್ರದಲ್ಲಿ ಇಪ್ಪತ್ತಾರು ವರ್ಷದ ಹುಡುಗನ ತೋರುಬೆರಳಿನ ತುದಿ ಹೋಯಿತು. ಹಿಂದಿನ ಸ್ಥಿತಿಯಲ್ಲಿ ಆಗಿದ್ದರೆ ಆಸ್ಪತ್ರೆ ಖರ್ಚಿನ ಜೊತೆಗೆ 1923ರ ನೌಕರರ ಪರಿಹಾರ ಕಾಯ್ದೆಯ ಹೊಣೆ ನೇರವಾಗಿ ಮಾಲೀಕರ ಮೇಲೆ ಬೀಳುತ್ತಿತ್ತು. ಇಎಸ್‌ಐನಲ್ಲಿದ್ದುದರಿಂದ ಆ ಹೊಣೆಯನ್ನು ನಿಗಮ ಹೊತ್ತಿತು. ಕೆಲಸದ ಸ್ಥಳದ ಗಾಯಕ್ಕೆ ಇಷ್ಟು ದಿನ ವಂತಿಗೆ ಕಟ್ಟಿರಬೇಕೆಂಬ ಷರತ್ತೂ ಇಲ್ಲ. ಸೇರಿ ಎರಡೇ ತಿಂಗಳಾಗಿದ್ದರೂ ಚಿಕಿತ್ಸೆಯೂ, ಕೆಲಸ ಮಾಡಲಾಗದ ನಲವತ್ತೊಂದು ದಿನಗಳಿಗೆ ಸರಾಸರಿ ಕೂಲಿಯ ಶೇ. 90ರಷ್ಟು ಹಣವೂ ಅವನಿಗೆ ದೊರೆತವು. ಅಪಘಾತದ ವರದಿಯನ್ನು ಅದೇ ದಿನ ಸಲ್ಲಿಸಿದ್ದರಿಂದ ತೊಡಕಾಗಲಿಲ್ಲ. ಯಂತ್ರಕ್ಕೆ ಇರಬೇಕಿದ್ದ ರಕ್ಷಾಕವಚ ಬಿಚ್ಚಿಟ್ಟಿದ್ದು ಏಕೆ ಎಂಬ ಪ್ರಶ್ನೆಯನ್ನು ಮಾತ್ರ ಯಾವ ವಿಮೆಯೂ ಮುಚ್ಚುವುದಿಲ್ಲ. ಕವಚ ಈಗ ಮರಳಿ ಬಂದಿದೆ.

ಖರ್ಚಿನ ಲೆಕ್ಕ ಹೀಗಿದೆ. ಇಎಸ್‌ಐ 77,220, ನಾಲ್ವರ ಅರ್ಧ ಪ್ರೀಮಿಯಂ 46,000, ಉಳಿತಾಯ ಖಾತೆಗೆ 60,000, ಸೇರಿ ವರ್ಷಕ್ಕೆ 1,83,220. ನವೆಂಬರ್‌ನಲ್ಲಿ ಸಂಬಳ ಏರಿದ ಆ ಇಬ್ಬರು ಹಿರಿಯ ಆಪರೇಟರ್‌ಗಳ ಪಾಲಿಸಿಯ ಅರ್ಧ ಸೇರಿಸಿದರೆ 2 ಲಕ್ಷವನ್ನು ಸ್ವಲ್ಪ ಮೀರುತ್ತದೆ. ಮೊದಲ ವರ್ಷದ ಗುಂಪು ಪಾಲಿಸಿಗಿಂತ ಇದು ಅಗ್ಗವೆಂದು ಹೇಳಲಾಗದು. ಆದರೆ ಹಣ ತಿಂಗಳು ತಿಂಗಳು ಹೋಗುತ್ತದೆ, ಮುಂದಿನ ವರ್ಷ ಎಷ್ಟಾಗುತ್ತದೆಂದು ಬಹುಮಟ್ಟಿಗೆ ಇಂದೇ ಹೇಳಬಹುದು, ಮುಂಗಡ ಕೊಟ್ಟು ಸಂಬಳ ಮುರಿಯುವ ಪದ್ಧತಿ ನಿಂತಿದೆ. ಸೆಪ್ಟೆಂಬರ್‌ನಿಂದ ಈಚೆಗೆ ಯಾರೂ ಕೆಲಸ ಬಿಟ್ಟಿಲ್ಲ.

ಇತರ ಘಟಕಗಳಿಗೆ

ಈ ಮಾಲೀಕರು ಕಲ್ಲುಮನಸ್ಸಿನವರಾಗಿರಲಿಲ್ಲ. ಒಂದೇ ಪಾಲಿಸಿಯಲ್ಲಿ ಎಲ್ಲರನ್ನೂ ಸೇರಿಸಬೇಕೆಂಬ ಆಸೆಯೇ ಅವರನ್ನು ಕಟ್ಟಿಹಾಕಿತ್ತು. ಹದಿನಾರು ಜನರನ್ನು ಸಂಬಳ, ವಯಸ್ಸು, ಕಾಯಿಲೆ, ಕುಟುಂಬ ಇರುವ ಊರು ಇವುಗಳ ಪ್ರಕಾರ ಬಿಡಿಬಿಡಿಯಾಗಿ ನೋಡಿದಾಗ ಹನ್ನೆರಡು ಮಂದಿಗೆ ಕಾನೂನೇ ದಾರಿ ಮಾಡಿಟ್ಟಿತ್ತು, ಉಳಿದ ನಾಲ್ವರ ಸಮಸ್ಯೆ ಕೈಗೆ ನಿಲುಕುವಷ್ಟು ಚಿಕ್ಕದಾಗಿತ್ತು. ಗುಂಪು ಪಾಲಿಸಿ ತೆಗೆದುಕೊಳ್ಳುವವರು ಮೊದಲ ವರ್ಷದ ಬೆಲೆಯ ಜೊತೆಗೆ, ಒಂದೆರಡು ದೊಡ್ಡ ಕ್ಲೇಮ್‌ಗಳಾದ ಮೇಲಿನ ಬೆಲೆಯನ್ನೂ ಕಟ್ಟಲು ತಮಗೆ ಸಾಧ್ಯವೇ ಎಂದು ಕೇಳಿಕೊಳ್ಳಬೇಕು. 21,000ದ ಹತ್ತಿರ ಇರುವವರ ಸಂಬಳ ಏರಿಸುವ ಮುನ್ನ ಕ್ಯಾಲೆಂಡರ್ ನೋಡಬೇಕು.

ಹತ್ತಕ್ಕಿಂತ ಕಡಿಮೆ ಜನರಿರುವವರು ಏನು ಮಾಡಬೇಕೆಂದು ಪಕ್ಕದ ಶೆಡ್ಡಿನವರು ನನ್ನನ್ನು ಕೇಳಿದರು. ಅವರಲ್ಲಿರುವುದು ಏಳು ಮಂದಿ. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ, ಮಾಲೀಕರೂ ಹೆಚ್ಚಿನ ನೌಕರರೂ ಒಪ್ಪಿದರೆ ಅಂತಹ ಘಟಕಗಳು ಸ್ವಇಚ್ಛೆಯಿಂದ ಇಎಸ್‌ಐಗೆ ಸೇರಲು ಅವಕಾಶವಿದೆ. ಅವರು ತಮ್ಮ ಜನರನ್ನು ಕೂರಿಸಿಕೊಂಡು ಮಾತಾಡಿದ್ದಾರೆ, ಮೂವರು ಒಪ್ಪಿದ್ದಾರೆ, ಇನ್ನೊಬ್ಬರ ಒಪ್ಪಿಗೆ ಬೇಕು.

ನಮ್ಮ ಕಾರ್ಖಾನೆಯಲ್ಲಿ ಬಗೆಹರಿಯದೆ ಉಳಿದಿರುವುದು ಫೋರ್‌ಮನ್ ಅವರದು. ಈ ಬರಹದ ಹೊತ್ತಿಗೆ, 2026ರ ಫೆಬ್ರವರಿಯಲ್ಲಿ, ಆ ಉಳಿತಾಯ ಖಾತೆಯಲ್ಲಿ 25,000 ರೂಪಾಯಿ ಇದೆ. ಅವರ ಪಾಲಿಸಿಯ ಕಾಯುವ ಅವಧಿ ಮುಗಿಯುವುದು 2028ರ ಅಕ್ಟೋಬರ್‌ನಲ್ಲಿ.